ಬಾನು ಅಕ್ಕಾರು ಕೇಳುತ್ತಿದ್ದ ಚೀಟಿ

ಕೀಬೋರ್ಡನ್ನು ತಲೆಕೆಳಗು ಮಾಡಿ, ಹಳೆಯ ಪೇಪರಿನ ಮೇಲೆ ಎರಡು ಸಲ ತಟ್ಟಿ, ಉದುರಿದ್ದನ್ನು ಮೇಜಿನ ಒಡೆಯನಿಗೆ ತೋರಿಸುವುದು. ಶಮೀಮಬಾನು ಯಾವ ಆಫೀಸಿಗೆ ಕಾಲಿಟ್ಟರೂ ಕೆಲಸ ಶುರುವಾಗುತ್ತಿದ್ದದ್ದು ಹೀಗೆ. ನನ್ನ ಕೀಬೋರ್ಡಿನಿಂದ ಮೊದಲ ದಿನ ಉದುರಿದ್ದು ಮಂಡಕ್ಕಿ, ಮೆಣಸಿನಕಾಯಿ ಬೀಜ, ಒಂದು ಗುಂಡುಸೂಜಿ ಮತ್ತು ನನ್ನದೇ ಉಗುರಿನ ಚೂರು. ಅವರು ಪೇಪರನ್ನು ನನ್ನ ಮುಂದೆ ಸರಿಸಿ, "ನಿಮ್ಮ ಸಾಲ್ಯಾಗ ಬಿಸಿಯೂಟ ಬರೇ ಮಕ್ಕಳಿಗೆ ಅಂತ ತಿಳ್ಕೊಂಡಿದ್ನಿರಿ. ಕೀಬೋರ್ಡಿಗೂ ಐತಿ" ಅಂದರು. ಜವಾನ ನಕ್ಕ. ನನಗೆ ಸಿಟ್ಟು ಬಂತು. ಗುಮಾಸ್ತನ ಮೇಜಿನ ಮೇಲೆ ಹೊರಗಿನವರು ಕೈಯಾಡಿಸಿದರೆ ಬರುವ ಸಿಟ್ಟು ಅದು.

ನಾನು ಕುಷ್ಟಗಿಯ ಒಂದು ಅನುದಾನಿತ ಹೈಸ್ಕೂಲಿನಲ್ಲಿ ಗುಮಾಸ್ತನಾಗಿದ್ದೆ. ನಮ್ಮ ಆಡಳಿತ ಮಂಡಳಿಗೆ ಕುಷ್ಟಗಿ, ಯಲಬುರ್ಗಾ ಕಡೆ ಇನ್ನೆರಡು ಹೈಸ್ಕೂಲು, ಒಂದು ಕಾಲೇಜು ಇದ್ದವು. ಎಲ್ಲ ಕಡೆಯ ಕಂಪ್ಯೂಟರು ಕೆಟ್ಟರೆ ಬರುತ್ತಿದ್ದವರು ಈ ಬಾನು ಅಕ್ಕಾರು. ಕೊಪ್ಪಳದ ಪಕ್ಕದ ಭಾಗ್ಯನಗರದವರು. ಗಂಡ ಬ್ಯಾಟರಿ ಅಂಗಡಿ ಇಟ್ಟಿದ್ದರು. ಇವರು ಮೊದಲು ಯಾವುದೋ ಕಚೇರಿಯಲ್ಲಿ ಗುತ್ತಿಗೆಯ ಮೇಲೆ ಡಾಟಾ ಎಂಟ್ರಿ ಮಾಡುತ್ತಿದ್ದರಂತೆ. ಗುತ್ತಿಗೆ ಮುಗಿದು ಎಲ್ಲರನ್ನೂ ಮನೆಗೆ ಕಳಿಸಿದ ದಿನ, ಅಲ್ಲಿ ಮೂಲೆಗೆ ಬಿದ್ದಿದ್ದ ಸತ್ತ ಕಂಪ್ಯೂಟರೊಂದನ್ನು ಕೇಳಿ ತಂದು, ಮನೆಯ ಚಾಪೆಯ ಮೇಲೆ ಬಿಚ್ಚಿ ಹರವಿ, ಮತ್ತೆ ಕೂಡಿಸುತ್ತಾ ಕಲಿತರು. ಬುರ್ಖಾದ ತೋಳನ್ನು ಮೊಣಕೈ ತನಕ ಮಡಚಿಕೊಂಡು, ಕನ್ನಡಕದ ಡಬ್ಬಿಯಿಂದ ಸ್ಕ್ರೂಡ್ರೈವರ್ ತೆಗೆಯುತ್ತಿದ್ದರು. ಕನ್ನಡಕ ಯಾವಾಗಲೂ ಮೂಗಿನ ಮೇಲೆ ಇರುತ್ತಿದ್ದುದರಿಂದ ಡಬ್ಬಿ ಖಾಲಿ ಇತ್ತಲ್ಲ ಅನ್ನುವುದು ಅವರ ಲೆಕ್ಕ. ಅವರು ತೀರಿಕೊಂಡು ಈಗ ಎರಡು ವರ್ಷ. ನನಗಿಂತ ವಯಸ್ಸಿನಲ್ಲಿ ಚಿಕ್ಕವರು, ಆದರೂ ಇಡೀ ಊರಿನ ಹಾಗೆ ನಾನೂ ಅಕ್ಕಾರೆಂದೇ ಕರೆಯುತ್ತಿದ್ದೆ.

ಅವರದೊಂದು ಹಟವಿತ್ತು. ಕದ್ದ ಸಾಫ್ಟ್‌ವೇರನ್ನು ಅವರು ಮುಟ್ಟುತ್ತಿರಲಿಲ್ಲ. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಅದು ಎಂಥ ಹುಚ್ಚು ಹಟವೆಂದು ಹೊರಗಿನವರಿಗೆ ತಿಳಿಯುವುದಿಲ್ಲ. ಇಲ್ಲಿ ಕಂಪ್ಯೂಟರು ಕೊಂಡರೆ ಸಾಫ್ಟ್‌ವೇರ್ ಅನ್ನುವುದು ತರಕಾರಿ ಜೊತೆ ಬರುವ ಕರಿಬೇವು, ಕೇಳಿದರೆ ಪುಕ್ಕಟೆ, ಕೇಳದಿದ್ದರೂ ಪುಕ್ಕಟೆ. ಒಂದು ಪೆನ್‌ಡ್ರೈವ್ ಗಂಗಾವತಿಯಿಂದ ಹೊರಟರೆ ಕೊಪ್ಪಳದ ಅರ್ಧ ಆಫೀಸುಗಳನ್ನು ಸುತ್ತಿ ಮರಳಿ ಬರುತ್ತಿತ್ತು. ಹಾಗೆ ಯಾರಾದರೂ ಪೆನ್‌ಡ್ರೈವ್ ಮುಂದೆ ಚಾಚಿದರೆ ಬಾನು ಅಕ್ಕಾರು ಬೈಯುತ್ತಿರಲಿಲ್ಲ, ಉಪದೇಶ ಮಾಡುತ್ತಿರಲಿಲ್ಲ. ಒಂದು ಬಿಳಿ ಹಾಳೆ ತೆಗೆದು ಮುಂದಿಡುತ್ತಿದ್ದರು.

"ಒಂದು ಚೀಟಿ ಬರ್ದು ಕೊಡ್ರಿ. 'ಇದು ಕದ್ದ ಕಾಪಿ ಅಂತ ನನಗ ಗೊತ್ತೈತಿ, ನಾನಽ ಹಾಕಾಕ ಹೇಳೀನಿ' ಅಂತ. ಕೆಳಗ ಸಹಿ ಮಾಡ್ರಿ. ಈಗ ಹಾಕಿ ಕೊಡ್ತೀನಿ."

ಯಲಬುರ್ಗಾದ ಒಬ್ಬ ವಕೀಲರ ಆಫೀಸಿನಲ್ಲಿ ನಾನೇ ಇದನ್ನು ಕಣ್ಣಾರೆ ಕಂಡೆ. ದಿನಕ್ಕೆ ಹತ್ತು ಜನರಿಂದ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಮನುಷ್ಯ ಅವರು. ಹಾಳೆ ನೋಡಿದರು, ಪೆನ್ನು ನೋಡಿದರು, "ಅದೇನ್ ಬರಿಯೂದು ಬಿಡ್ರಿ ಅಕ್ಕಾರ, ಮಾತಿನ ಮ್ಯಾಲೆ ನಡೀತೈತಿ" ಅಂದರು. "ಮಾತಿನ ಮ್ಯಾಲೆ ನಡಿಯೂದಾದ್ರ ನಿಮಗ ಕೋರ್ಟ್ ಯಾಕ್ರಿ ಬೇಕು?" ಅಂತ ಇವರು ಕೇಳಿದರು. ವಕೀಲರು ಪೆನ್‌ಡ್ರೈವನ್ನು ಜೇಬಿಗೆ ಇಳಿಸಿದರು. ಅಕ್ಕಾರು ಕೇಳಿದ ಚೀಟಿಯನ್ನು ಅವರ ಜೀವಮಾನದಲ್ಲಿ ಒಬ್ಬರೂ ಬರೆದುಕೊಡಲಿಲ್ಲ. ಕೆಲಸ ಹೋಗುತ್ತಿತ್ತು, ಹೋಗಲಿ ಅನ್ನುತ್ತಿದ್ದರು.

ಇನ್ನು ನನ್ನ ಕಥೆ. ನಮ್ಮ ಆಫೀಸಿನ ಸಾಫ್ಟ್‌ವೇರೂ ಅದೇ ಪೆನ್‌ಡ್ರೈವಿನ ಕೂಸು. ಹಾಕಿ ಒಂದು ತಿಂಗಳಾದೊಡನೆ ನಿಂತುಬಿಡುತ್ತಿತ್ತು. ಆದರೆ ಕಂಪ್ಯೂಟರಿನ ತಾರೀಖನ್ನು ಹಿಂದಕ್ಕೆ ಸರಿಸಿದರೆ ಅದಕ್ಕೆ ಮೋಸ ಹೋಗುವ ಗುಣವಿತ್ತು. ಇದನ್ನು ಕಂಡುಹಿಡಿದವನು ನಾನೇ ಎಂಬ ಜಂಬವೂ ನನಗಿತ್ತು. ದಿನಾ ಬೆಳಿಗ್ಗೆ ಊದುಬತ್ತಿ ಹಚ್ಚಿ, ಕಂಪ್ಯೂಟರು ಚಾಲೂ ಮಾಡಿ, ತಾರೀಖನ್ನು ಜೂನ್ ಹತ್ತಕ್ಕೆ ತಂದು ನಿಲ್ಲಿಸುತ್ತಿದ್ದೆ. ಇಂಟರ್ನೆಟ್ಟಿನ ಕೆಲಸಕ್ಕೆ ತಾರೀಖು ಸರಿ ಮಾಡುವುದು, ಮುಗಿದ ಮೇಲೆ ಮತ್ತೆ ಹಿಂದಕ್ಕೆ ಎಳೆಯುವುದು. ಪತ್ರ ಟೈಪು ಮಾಡಿದಾಗ ಅದು ತಾನಾಗಿ ಹಾಕಿಕೊಂಡ ಜೂನ್ ಹತ್ತನ್ನು ಅಳಿಸಿ ನಿಜವಾದ ತಾರೀಖು ಹಾಕುವುದು. ಹೊರಗೆ ದಸರೆ ಬಂತು, ದೀಪಾವಳಿ ಬಂತು, ಎರಡು ಸಲ ಹತ್ತನೆಯ ತರಗತಿಯ ಮಕ್ಕಳು ಪಾಸಾಗಿ ಹೋದರು. ನಮ್ಮ ಆಫೀಸಿನಲ್ಲಿ ಮಾತ್ರ ಜೂನ್ ತಿಂಗಳು ಮುಗಿಯಲೇ ಇಲ್ಲ.

ಬಾನು ಅಕ್ಕಾರು ಮೊದಲ ದಿನವೇ ತೆರೆಯ ಮೂಲೆಯ ತಾರೀಖನ್ನು ನೋಡಿದರು. ಒಳಗಿನ ಗಡಿಯಾರದ ಸೆಲ್ ವೀಕಾಗಿದೆ ಎಂದು ನಾನು ಸುಳ್ಳು ಹೇಳಿದೆ.

"ಸೆಲ್ ವೀಕ್ ಆದ್ರ ತಾರೀಖ ಎಲ್ಲೆರ ಹೋಗಿ ಬೀಳತೈತ್ರಿ ಸರ್ರ. ದಿನಾ ಬಂದು ಜೂನ್ ಹತ್ತಕ್ಕ ನಿಂದ್ರಂಗಿಲ್ಲ. ನಿಂದ್ರಸಾವ್ರು ಬೇಕು ಅದಕ್ಕ."

ನಾನು ಚಹಾ ತರಿಸಿದೆ. ಚಹಾ ಕುಡಿಯುತ್ತಾ ಅವರು ಮೆಲ್ಲಗೆ ಹೇಳತೊಡಗಿದರು, ಇಲ್ಲಿ ಹೇಳಿದರೆ ಯಾರಾದರೂ ಕೇಳಿಯಾರು ಎಂಬ ಆಸೆ ಇನ್ನೂ ಸತ್ತಿರಲಿಲ್ಲವೇನೋ. "ನಿಮಗ ಬೇಕಾಗಿದ್ದೇನ್ರಿ? ಪತ್ರ ಟೈಪ್ ಮಾಡಾಕ, ಮಕ್ಕಳ ಪಟ್ಟಿ ಮಾಡಾಕ. ರೊಕ್ಕ ಇದ್ರ ರಸೀದಿ ತಗೊಂಡು ಖರೇದು ಕೊಳ್ರಿ. ಇಲ್ಲಂದ್ರ ಪುಗಸಟ್ಟೆ ಕೊಡೂದಽ ಬ್ಯಾರೆ ಐತಿ. ಅದನ್ನ ಮಾಡಿದವ್ರಽ ತಗೋರಿ ಅಂದಾರ. ಕೊಡೂ ಕೈ ಮುಂದ ಇದ್ದಾಗ ಕದಿಯೂದು ಯಾಕ?" ಹೊಸದು ಹಾಕುವ ಕ್ರಮವನ್ನೂ ಹೇಳಿದರು. ಮಾರ್ಚಿನಲ್ಲಿ ಕೈ ಹಚ್ಚಬಾರದು, ಹತ್ತನೆಯ ತರಗತಿಯ ಪರೀಕ್ಷೆ ಮುಗಿಯಲಿ. ಮೊದಲು ಇರುವ ಕಡತಗಳನ್ನೆಲ್ಲ ಎರಡು ಕಡೆ ಕಾಪಿ ಮಾಡಬೇಕು, ಅದರಲ್ಲಿ ಒಂದು ಈ ಕಟ್ಟಡದಲ್ಲಿ ಇರಬಾರದು. ಒಂದೇ ಕಂಪ್ಯೂಟರಿಗೆ ಹಾಕಿ, ಹತ್ತು ಹಳೆಯ ಪತ್ರ ತೆರೆದು, ಪ್ರಿಂಟು ತೆಗೆದು, ಕನ್ನಡದ ಒತ್ತಕ್ಷರ ಮುರಿದಿವೆಯೇ ಎಂದು ಕೈಯಲ್ಲಿ ಹಿಡಿದು ಓದಬೇಕು. ವಾರ ದುಡಿದು ಕೈಗೆ ಕೂತ ಮೇಲೆ ಉಳಿದವುಗಳಿಗೆ ಹಾಕಬೇಕು. ನಾನು ಹೂಂ ಹೂಂ ಅಂದೆ. ಅವರು ಬಸ್ಸು ಹತ್ತಿದ ಮೇಲೆ ತಾರೀಖನ್ನು ಜೂನ್ ಹತ್ತಕ್ಕೆ ಎಳೆದೆ.

ಅದರ ಫಲ ಬಂದದ್ದು ಶರಣಮ್ಮನ ತಲೆಯ ಮೇಲೆ. ಮಂಗಳೂರಿನ ಹುಡುಗಿ. ಕಡಲಿನ ಮಂಗಳೂರಲ್ಲ, ನಮ್ಮ ಯಲಬುರ್ಗಾ ಕಡೆಯದು. ಸೋದರಮಾವನ ಮನೆಯಲ್ಲಿದ್ದು ನಮ್ಮ ಶಾಲೆಯಲ್ಲಿ ಓದಿದವಳು. ತಾಯಿ ಕೂಲಿಗೆ ಹೋಗಿ ಓದಿಸಿದ್ದಳು. ಸರ್ಕಾರಿ ನೌಕರಿಯ ಪಟ್ಟಿಯಲ್ಲಿ ಹೆಸರು ಬಂದಿತ್ತು. ಕಲ್ಯಾಣ ಕರ್ನಾಟಕದ ಮೀಸಲಾತಿಗೆ ಶಾಲೆಯ ವ್ಯಾಸಂಗ ಪ್ರಮಾಣಪತ್ರ ಬೇಕು. ಬಂದು ಕೇಳಿದಳು, ನಾನೇ ಟೈಪು ಮಾಡಿಕೊಟ್ಟೆ. ಆ ದಿನ ಯಾವುದೋ ಗಡಿಬಿಡಿ. ತಾರೀಖು ತಿದ್ದುವುದನ್ನು ಮರೆತೆ. ಹೆಡ್‌ಮಾಸ್ತರರು ನೋಡದೆ ಸಹಿ ಹಾಕಿದರು. ಅವಳೂ ನೋಡಲಿಲ್ಲ. ನಮ್ಮ ಕಡೆ ಕಾಗದದ ಮೇಲೆ ಸೀಲು ಗುಂಡಗೆ ಬಿದ್ದಿದೆಯೇ ಎಂದಷ್ಟೇ ನೋಡುವುದು.

ಕೊಪ್ಪಳದಲ್ಲಿ ದಾಖಲೆ ಪರಿಶೀಲಿಸುವ ಅಧಿಕಾರಿ ನೋಡಿದರು. ಪ್ರಮಾಣಪತ್ರದಲ್ಲಿ ಎರಡು ವರ್ಷ ಹಿಂದಿನ ಜೂನ್ ಹತ್ತು. ಸಹಿ ಮಾಡಿದ ಹೆಡ್‌ಮಾಸ್ತರರು ನಮ್ಮ ಶಾಲೆಗೆ ಬಂದದ್ದು ಹೋದ ವರ್ಷ. ಇಲ್ಲದ ಮನುಷ್ಯ ಸಹಿ ಹಾಕುವುದು ಹೇಗೆ? ಕಾಗದ ನಕಲಿ ಎಂದು ಪಕ್ಕಕ್ಕಿಟ್ಟರು. ಇದು ನೀವು ಕೊಟ್ಟದ್ದು ಹೌದೋ ಅಲ್ಲವೋ ತಿಳಿಸಿ ಎಂದು ನಮ್ಮ ಶಾಲೆಗೆ ಪತ್ರ ಬಂತು. ಅಲ್ಲ ಎಂದರೆ ಅವಳ ನೌಕರಿ ಹೋಗುತ್ತದೆ, ಮೇಲೆ ಪೊಲೀಸ್ ಕೇಸು ಬೀಳುತ್ತದೆ.

ಮಂಡಳಿಯ ಕಾರ್ಯದರ್ಶಿ ಸಾಹೇಬರು ನನ್ನನ್ನು ಕರೆದರು. ಹೌದು ಎಂದು ಬರೆದರೆ ತಾರೀಖಿನ ಕಥೆ ಹೇಳಬೇಕು, ತಾರೀಖಿನ ಕಥೆ ಹೇಳಿದರೆ ನಮ್ಮ ನಾಲ್ಕೂ ಸಂಸ್ಥೆಗಳ ಕದ್ದ ಸಾಫ್ಟ್‌ವೇರಿನ ಕಥೆ ಹೊರಗೆ ಬರುತ್ತದೆ. "ಒಬ್ಬ ಹುಡುಗಿ ಸಲುವಾಗಿ ಸಂಸ್ಥೆ ಮಾನ ಕಳೀಬೇಕೇನು? ನಮ್ಮ ಆಫೀಸಿಂದ ಕೊಟ್ಟಿಲ್ಲ ಅಂತ ಬರಿ, ಕತಂ" ಅಂದರು. ನಾನು ಕೂತು ಟೈಪು ಮಾಡಿದೆ. 'ಸದರಿ ಪ್ರಮಾಣಪತ್ರವು ನಮ್ಮ ಶಾಲೆಯಿಂದ ನೀಡಲ್ಪಟ್ಟಿರುವುದಿಲ್ಲ.' ಒಂದು ಅಕ್ಷರವೂ ತಪ್ಪಲಿಲ್ಲ. ನನಗೆ ಇಂದಿಗೂ ನಾಚಿಕೆಯಾಗುವುದು ಅದಕ್ಕೇ.

ಪ್ರಿಂಟು ಕೊಡುವಷ್ಟರಲ್ಲಿ ಕಂಪ್ಯೂಟರು ಹೆಪ್ಪುಗಟ್ಟಿ ನಿಂತಿತು. ಏನು ಒತ್ತಿದರೂ ಅಲುಗಲಿಲ್ಲ. ಸಾಹೇಬರು ಬಾನು ಅಕ್ಕಾರಿಗೆ ಫೋನು ಮಾಡಿ, ಬಂದು ಒಳಗಿನದೆಲ್ಲ ಅಳಿಸಿ ಹೊಸದಾಗಿ ಹಾಕಿಕೊಡಿ ಎಂದರು. ನನ್ನ ಕೈಗೆ ಒಂದು ಪೆನ್‌ಡ್ರೈವ್ ಕೊಟ್ಟು ಹೋದರು.

ಮರುದಿನ ಬೆಳಿಗ್ಗೆ ಅಕ್ಕಾರು ಬಂದಾಗ ಶರಣಮ್ಮ ತಾಯಿಯ ಜೊತೆ ಆಫೀಸಿನ ಬೆಂಚಿನ ಮೇಲೆ ಕೂತಿದ್ದಳು. ನಾನು ಅವಳ ಕಡೆ ನೋಡದೆ ಫೈಲಿನ ದಾರ ಬಿಚ್ಚಿ ಕಟ್ಟುತ್ತಿದ್ದೆ. ಅವಳು ಎದ್ದು ಬಂದು ಮೇಜಿನ ಮುಂದೆ ನಿಂತಳು. "ಸರ್, ನೀವಽ ಕೊಟ್ಟೀರಲ್ರಿ? ನಾ ಇಲ್ಲೇ ನಿಂತು ತಗೊಂಡೀನಿ. ಇಷ್ಟಽ ಹೇಳ್ರಿ, ಸಾಕು" ಅಂದಳು. ನಾನು ಕಟ್ಟಿದ ದಾರವನ್ನು ಮತ್ತೆ ಬಿಚ್ಚಿದೆ. ತಾಯಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು.

ಬಾನು ಅಕ್ಕಾರು ಕೀಬೋರ್ಡು ತಟ್ಟುವುದನ್ನು ನಿಲ್ಲಿಸಿ ಹುಡುಗಿಯ ಕೈಯಿಂದ ಪ್ರಮಾಣಪತ್ರದ ಜೆರಾಕ್ಸು ಇಸಿದುಕೊಂಡರು. ಜೂನ್ ಹತ್ತು ಎಂದು ಓದಿ ನನ್ನ ಮುಖ ನೋಡಿದರು. ನಂತರ ತಾಯಿ ಮಗಳನ್ನು ಕೂರಿಸಿ ನೀರು ಕೊಟ್ಟು, ನನ್ನ ಹತ್ತಿರ ಕುರ್ಚಿ ಎಳೆದುಕೊಂಡು ದನಿ ತಗ್ಗಿಸಿದರು.

"ಇದನ್ನ ಅಳಿಸಾಕ ನನ್ನ ಕರ್ಸೀರೇನ್ರಿ?"

"ಸಾಹೇಬ್ರು ಹೇಳ್ಯಾರ್ರಿ."

"ಅಳಿಸಂಗಿಲ್ಲ. ಆ ಪೆನ್‌ಡ್ರೈವೂ ಹಾಕಂಗಿಲ್ಲ. ಈಗ ಹೇಳ್ರಿ, ನಿಮ್ಮ ಜಾವಕ ಪುಸ್ತಕ ಕೈಯಿಂದ ಬರಿತೀರೋ, ಅದಕ್ಕೂ ಜೂನ್ ಹತ್ತಽನೋ?"

ಹೊರಗೆ ಹೋಗುವ ಪ್ರತಿ ಕಾಗದವನ್ನೂ ನಂಬರು ಹಾಕಿ ಬರೆಯುವ ಪುಸ್ತಕ ಅದು. ಕೈಯಿಂದಲೇ ಬರೆಯುತ್ತಿದ್ದೆ, ನಿಜವಾದ ತಾರೀಖಿನಲ್ಲಿ. ತೆಗೆದು ಕೊಟ್ಟೆ. ಪ್ರಮಾಣಪತ್ರದ ಮೇಲಿನ ನಂಬರನ್ನು ಅವರು ಬೆರಳಿಟ್ಟು ಹುಡುಕಿದರು. ಈ ವರ್ಷದ ಪುಟದಲ್ಲಿ, ಈ ವರ್ಷದ ತಾರೀಖಿನ ಮುಂದೆ, ನನ್ನ ಅಕ್ಷರದಲ್ಲಿ ಶರಣಮ್ಮನ ಹೆಸರಿತ್ತು. ಪಕ್ಕದಲ್ಲಿ ಮುಟ್ಟಿದ್ದಕ್ಕೆ ಅವಳದೇ ಸಹಿ. ಎರಡು ವರ್ಷ ನಾನು ಮೋಸ ಮಾಡಿದ್ದು ಕಂಪ್ಯೂಟರಿಗೆ ಮಾತ್ರ, ಪುಸ್ತಕಕ್ಕೆ ಮಾಡುವುದು ಹೊಳೆದಿರಲಿಲ್ಲ.

ಅವರು ಬ್ಯಾಗಿನಿಂದ ಬಿಳಿ ಹಾಳೆ ತೆಗೆದು ಬರೆದರು. ದುಂಡನೆಯ ಅಕ್ಷರ, ಅವಸರವಿಲ್ಲ. ಈ ಕಚೇರಿಯ ಕಂಪ್ಯೂಟರಿನಲ್ಲಿ ಪರವಾನಗಿ ಇಲ್ಲದ ಸಾಫ್ಟ್‌ವೇರ್ ಇದೆ, ಅದು ನಡೆಯಲೆಂದು ತಾರೀಖನ್ನು ಹಿಂದಿಡಲಾಗುತ್ತಿತ್ತು, ಆದ್ದರಿಂದ ಪ್ರಮಾಣಪತ್ರದ ಮೇಲೆ ತಪ್ಪು ತಾರೀಖು ಬಿದ್ದಿದೆ, ಕಾಗದ ಈ ಶಾಲೆಯದೇ, ಜಾವಕ ಪುಸ್ತಕ ಸಾಕ್ಷಿ. ಕೆಳಗೆ ತಮ್ಮ ಹೆಸರು, ಸಹಿ, ಫೋನು ನಂಬರು. ಅದರ ಕೆಳಗೆ 'ತಾರೀಖು ಹಿಂದಿಟ್ಟವರು' ಎಂದು ಬರೆದು ಮುಂದೆ ಜಾಗ ಬಿಟ್ಟು, ಪೆನ್ನನ್ನು ನನ್ನ ಕಡೆ ತಿರುಗಿಸಿದರು.

"ನೀವಽ ಬರ್ದುಬಿಡ್ರಿ ಅಕ್ಕಾರ" ಅಂದೆ.

"ನಾ ಬರ್ದ್ರ ಅದು ಚಾಡಿ ಆಗತೈತ್ರಿ. ನೀವು ಬರ್ದ್ರ ಸಾಕ್ಷಿ ಆಗತೈತಿ."

ನನಗೆ ಆಗ ಒಂಬತ್ತು ವರ್ಷದ ಸರ್ವಿಸು ಉಳಿದಿತ್ತು. ಸಾಹೇಬರ ಮುಖ ಕಣ್ಣ ಮುಂದೆ ಬಂತು. ಬೆಂಚಿನ ಕಡೆ ನೋಡಿದೆ. ಶರಣಮ್ಮ ನನ್ನನ್ನು ನೋಡುತ್ತಿರಲಿಲ್ಲ, ಪೆನ್ನನ್ನು ನೋಡುತ್ತಿದ್ದಳು. ಹೆಸರು ಬರೆದು ಸಹಿ ಮಾಡಿದೆ. ಅಂದಿನ ನಿಜವಾದ ತಾರೀಖು ಹಾಕಿದೆ.

ಹೆಡ್‌ಮಾಸ್ತರರಿಗೆ ತಿಳಿಸಿ, ಜಾವಕ ಪುಸ್ತಕವನ್ನು ಟವೆಲಿನಲ್ಲಿ ಸುತ್ತಿಕೊಂಡು, ನಾಲ್ವರೂ ಕೊಪ್ಪಳದ ಬಸ್ಸು ಹತ್ತಿದೆವು. ಅಧಿಕಾರಿ ಕಾಗದವನ್ನು ಎರಡು ಸಲ ಓದಿ ನನ್ನನ್ನು ಕೆಳಗಿನಿಂದ ಮೇಲೆ ನೋಡಿದರು. ಪುಸ್ತಕದ ಪುಟ ತೆರೆಸಿ ನೋಡಿ, ಜೆರಾಕ್ಸು ಮಾಡಿಸಿಕೊಂಡರು. "ಬರ್ದು ಕೊಡೋ ಧೈರ್ಯ ಯಾರಿಗೂ ಇರಂಗಿಲ್ರಿ, ನಿಮ್ಮಿಬ್ಬರಿಗೂ ಎಲ್ಲಿಂದ ಬಂತು?" ಎಂದು ಕೇಳಿದರು. "ಧೈರ್ಯ ಅಲ್ರಿ ಸಾಹೇಬ್ರ, ಆಗಿದ್ದು ಬರ್ದೀವಿ" ಅಂತ ಅಕ್ಕಾರು ಹೇಳಿ, ಕಾಗದ ಮುಟ್ಟಿದ್ದಕ್ಕೆ ಸೀಲು ಹಾಕಿಸಿಕೊಂಡೇ ಕುರ್ಚಿ ಬಿಟ್ಟರು. ತಿಂಗಳೊಳಗೆ ಶರಣಮ್ಮನಿಗೆ ನೌಕರಿಯ ಆದೇಶ ಬಂತು.

ನನಗೆ ನೋಟಿಸು ಬಂತು, ಒಂದು ಇನ್‌ಕ್ರಿಮೆಂಟು ತಡೆದರು. ಅದು ನ್ಯಾಯವಾದ ಶಿಕ್ಷೆಯೇ. ಆದರೆ ಅಕ್ಕಾರಿಗೆ ಆದದ್ದು ಅನ್ಯಾಯ. ನಮ್ಮ ನಾಲ್ಕೂ ಸಂಸ್ಥೆಗಳ ಬಾಗಿಲು ಅವರಿಗೆ ಮುಚ್ಚಿತು. ಸಾಹೇಬರು ಫೋನು ಮಾಡಿದಲ್ಲೆಲ್ಲ ಬೇರೆ ಬಾಗಿಲುಗಳೂ ಮುಚ್ಚಿದವು. "ಆಕೀನ್ನ ಕರೀಬ್ಯಾಡ್ರಿ, ರಿಪೇರಿ ಬಿಟ್ಟು ರಿಪೋರ್ಟ್ ಬರಿತಾಳ" ಅನ್ನುವ ಮಾತು ಕುಷ್ಟಗಿಯಿಂದ ಯಲಬುರ್ಗಾದ ತನಕ ಓಡಾಡಿತು. ಸಾಫ್ಟ್‌ವೇರ್ ಕದ್ದವರು ಮರ್ಯಾದಸ್ಥರಾಗಿ ಉಳಿದರು, ಹೇಳಿದವರು ಊರಿಗೆ ಬೇಡವಾದರು. ಇದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಅಕ್ಕಾರು ಈ ಕಡೆ ಬರುವುದು ಬಿಡುವ ಮುನ್ನ ಒಂದು ಭಾನುವಾರ ತಾವಾಗಿ ಬಂದು, ನನ್ನ ಕಂಪ್ಯೂಟರಿಗೆ ಪುಕ್ಕಟೆ ಸಿಗುವ ಆ ಸಾಫ್ಟ್‌ವೇರ್ ಹಾಕಿ, ಹತ್ತು ಹಳೆಯ ಪತ್ರಗಳ ಒತ್ತಕ್ಷರಗಳನ್ನು ನನ್ನಿಂದಲೇ ಓದಿಸಿ, ಕಡತಗಳ ಒಂದು ಕಾಪಿಯನ್ನು ನನ್ನ ಮನೆಯ ಕಪಾಟಿನಲ್ಲಿ ಇಡಿಸಿ ಹೋದರು. ಆಮೇಲೆ ಗಂಗಾವತಿಯಲ್ಲಿ ಅಕ್ಕಿ ಗಿರಣಿಗಳ ಆಫೀಸು ಕೆಲಸ ಹಿಡಿದರೆಂದು ಕೇಳಿದೆ.

ಎಂಟು ವರ್ಷದ ನಂತರ ಸಾಹೇಬರಿಗೆ ಅವರ ನೆನಪು ಬಂತು. ಕಾಲೇಜಿನ ಕಂಪ್ಯೂಟರುಗಳಲ್ಲಿ ಯಾವುದೋ ಕದ್ದ ಕಾಪಿಯ ಜೊತೆ ವೈರಸ್ ಹೊಕ್ಕು, ಮಕ್ಕಳ ಅಂಕಗಳ ಕಡತಗಳೆಲ್ಲ ಬೀಗ ಬಿದ್ದು, ಬಿಡಿಸಲು ದುಡ್ಡು ಕೊಡು ಎಂಬ ಬೆದರಿಕೆ ತೆರೆಯ ಮೇಲೆ ಕೂತಿತ್ತು. ಬಂದವರೆಲ್ಲ ಕೈಯೆತ್ತಿ ಹೋದರು. ಸಾಹೇಬರು ನನ್ನ ಕೈಗೆ ಒಂದು ಟೈಪು ಮಾಡಿದ ಕಾಗದ ಕೊಟ್ಟರು. ಶರಣಮ್ಮನ ಸಲುವಾಗಿ ಕೊಪ್ಪಳಕ್ಕೆ ಕೊಟ್ಟ ಹಿಂದಿನ ವರದಿಯನ್ನು ತಪ್ಪು ತಿಳುವಳಿಕೆಯಿಂದ ಬರೆದಿದ್ದೆ ಎಂದು ಬಾನು ಅಕ್ಕಾರು ಸಹಿ ಮಾಡಿದರೆ, ನಾಲ್ಕೂ ಸಂಸ್ಥೆಗಳ ಕೆಲಸ ಮತ್ತೆ ಅವರಿಗೆ.

ಗಂಗಾವತಿಯಲ್ಲಿ ಗಿರಣಿಯ ಮುಂದಿನ ಸಣ್ಣ ಕೋಣೆಯಲ್ಲಿ ಅವರು ಸಿಕ್ಕರು. ತೌಡಿನ ಧೂಳು ಎಲ್ಲೆಡೆ. ಅರ್ಧ ಇಳಿದುಹೋಗಿದ್ದರು. ವಾರಕ್ಕೆರಡು ಸಲ ಆಸ್ಪತ್ರೆಗೆ ಹೋಗಿ ರಕ್ತ ತೊಳೆಸಿಕೊಳ್ಳಬೇಕೆಂದು, ಬೇರೆ ಯಾರದೋ ಕಾಯಿಲೆ ಹೇಳುವಂತೆ ಹೇಳಿದರು. ಕಾಗದ ಓದಿದರು.

"ಇದನ್ನ ನೀವಽ ಟೈಪ್ ಮಾಡೀರೇನ್ರಿ?"

"ಇಲ್ರಿ. ನಾ ಒಲ್ಲೆ ಅಂದೆ. ಬರೇ ತಗೊಂಡು ಬಂದೀನಿ."

"ಹೊತ್ಕೊಂಡು ಬರೂದೂ ಅದಽ ಕೆಲಸರಿ ಸರ್ರ" ಅಂದರು. ಸಿಟ್ಟಿರಲಿಲ್ಲ, ನಗುತ್ತಿದ್ದರು. "ಆ ಹುಡುಗಿ ಈಗ ದಿನಾ ಸಹಿ ಹಾಕಿ ಸಂಬಳ ತಗೋತಾಳ. ಅದು ತಪ್ಪು ತಿಳುವಳಿಕಿ ಅಂತ ನಾ ಬರ್ದ್ರ ಆಕಿ ನೌಕರಿ ಏನಾಗತೈತಿ, ವಿಚಾರ ಮಾಡೀರೇನ್ರಿ?"

ನಾನು ವಿಚಾರ ಮಾಡಿರಲಿಲ್ಲ. ಅವರು ಕಾಗದವನ್ನು ಮಡಚಿ ವಾಪಸು ಕೊಟ್ಟರು. ಕೊಟ್ಟ ಮೇಲೆ, ಮಕ್ಕಳ ಅಂಕಗಳು ಏನು ಪಾಪ ಮಾಡಿವೆ ಎಂದು, ಮಾಡಬೇಕಾದ್ದನ್ನೂ ಹೇಳಿದರು. ದುಡ್ಡು ಕೊಡಬೇಡಿ, ಕೊಟ್ಟರೂ ಬಿಡಿಸುತ್ತಾರೆಂಬ ಖಾತ್ರಿ ಇಲ್ಲ. ಕಂಪ್ಯೂಟರುಗಳ ತಂತಿ ಬಿಚ್ಚಿ ಬೇರೆ ಬೇರೆ ಮಾಡಿ. ಮಾಸ್ತರರ ಮನೆಗಳಲ್ಲಿ ಹಳೆಯ ಕಾಪಿ, ಪ್ರಿಂಟು ಏನಿದ್ದರೂ ಕೂಡಿಸಿ, ಯಂತ್ರಗಳ ಒಳಗಿನದೆಲ್ಲ ಅಳಿಸಿ ಹೊಸದಾಗಿ ತುಂಬಿ. ಈ ಸಲವಾದರೂ ಕದ್ದದ್ದು ಬಿಟ್ಟು ಖರೇದು ಹಾಕಿ. ನಾನು ಬಸ್ ಟಿಕೆಟಿನ ಹಿಂದೆ ಬರೆದುಕೊಂಡೆ. ಹೊರಟಾಗ ಬಾಗಿಲ ತನಕ ಬಂದರು. "ಸಹಿ ಮಾಡಬ್ಯಾಡ್ರಿ ಅಕ್ಕಾರ. ಯಾರ ಬಂದ್ರೂ ಮಾಡಬ್ಯಾಡ್ರಿ" ಎಂದು ನಾನು ಹೇಳಿದೆ. ಅವರು ಹೂಂ ಎಂದು ಒಳಗೆ ಹೋದರು. ಮತ್ತೆ ಅವರನ್ನು ನಾನು ನೋಡಲಿಲ್ಲ.

ಸಂಜೆ ಸಾಹೇಬರು ಆಫೀಸಿನಲ್ಲೇ ಕಾಯುತ್ತಿದ್ದರು. ಬರೆದುಕೊಂಡದ್ದನ್ನು ಓದಿ ಹೇಳಿದೆ. ಅವರು ಕೇಳಿಸಿಕೊಳ್ಳದೆ ಕೈ ಚಾಚಿದರು.

"ಸಹಿ ಎಲ್ಲಿ?"

"ಮಾಡಲಿಲ್ರಿ."

"ಒತ್ತಾಯ ಮಾಡಬೇಕಿತ್ತು."

"ಮಾಡಬ್ಯಾಡ್ರಿ ಅಂತ ನಾನಽ ಹೇಳಿ ಬಂದೀನ್ರಿ."

ಅವರು ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡರು. "ಇನ್ನ ಒಂದು ವರ್ಷ ಸರ್ವಿಸ್ ಐತಿ ನಿಂದು. ನೆನಪಿರ್ಲಿ."

"ನೆನಪೈತ್ರಿ ಸಾಹೇಬ್ರ. ಆ ವರ್ಷಪೂರ್ತಿ ಇದಽ ಕುರ್ಚ್ಯಾಗ ಕುಂದ್ರತೀನಿ. ಶರಣಮ್ಮನ ಕಾಗದ ಯಾರದು ಅಂತ ಯಾರರ ಕೇಳಾಕ ಬಂದ್ರ, ಸೀದಾ ನನ್ನ ಕಡೆ ಕಳಸ್ರಿ."